ಲಾಲ್‌ಬಾಗ್‌ನಲ್ಲಿ ಮನೆಮಂದಿಯ ಫೋಟೊ: ಹೂವಿಗಿಂತ ಮೊದಲು ಬೆಳಕು ನೋಡಿ

ಲಾಲ್‌ಬಾಗ್‌ನಲ್ಲಿ ತೆಗೆದ ಕುಟುಂಬದ ಫೋಟೊಗಳಲ್ಲಿ ಎರಡು ದೋಷ ಮತ್ತೆ ಮತ್ತೆ ಕಾಣುತ್ತವೆ. ಗಾಜಿನ ಮನೆ ಬೆಳ್ಳಗೆ, ಮುಂದೆ ನಿಂತವರ ಮುಖ ಕಪ್ಪಗೆ; ಇಲ್ಲವೇ ಮರದಡಿ ನಿಂತವರ ಮುಖದ ತುಂಬ ಬಿಸಿಲಿನ ಚುಕ್ಕೆ. ಹೊಸ ಕ್ಯಾಮೆರಾ ಕೊಂಡರೆ ಇವು ಹೋಗುವುದಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಹೋಗುತ್ತವೆ.

1. ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡ್ ಖಾಲಿ ಮಾಡಿ, ಲೆನ್ಸ್ ಒರೆಸಿ. ಕ್ಯಾಮೆರಾ ಜೊತೆಗೇ ಬರುವ 18–55 ಮಿ.ಮೀ. ಜೂಮ್ ಲೆನ್ಸ್ ಒಂದಿದ್ದರೆ ಸಾಕು. ಮೊಬೈಲಿಗೆ ಕ್ಲಿಪ್ ಹಾಕಿ ಕೂರಿಸುವ ಅಗ್ಗದ ಮ್ಯಾಕ್ರೊ ಲೆನ್ಸ್‌ಗೆ (ಹೂವನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ದುಡ್ಡು ಸುರಿಯಬೇಡಿ: ನಡುವಿನ ಎಸಳು ಮಾತ್ರ ಸ್ಪಷ್ಟ, ಅಂಚೆಲ್ಲ ಮಸುಕು.

2. ಬೆಳಗ್ಗೆ 7ಕ್ಕೆ ಒಳಗಿರಿ. ಮೊದಲು ಕೆಂಪೇಗೌಡ ಗೋಪುರದ ಬಂಡೆಗೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯ ಮೇಲೆ ನೆರಳಿಲ್ಲ, ಬಿಸಿಲೇರಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋಗುವುದಾದರೆ ವಾರದ ನಡುವೆ ಹೋಗಿ. ರಜಾ ದಿನ ಹೂವು ನೋಡಬಹುದು, ಗುಂಪು ಫೋಟೊ ಆಗದು.

3. ಗಾಜಿನ ಮನೆ. ಹೆಚ್ಚಿನವರು ಎಡವುವುದು ಇಲ್ಲೇ. ಮನೆಯವರನ್ನು ಕಟ್ಟಡದ ಬುಡದಲ್ಲಿ ನಿಲ್ಲಿಸಿ, ಇಡೀ ಕಟ್ಟಡ ಹಿಡಿಸಲು ತಾವು ಹಿಂದೆ ಸರಿಯುತ್ತಾ ಹೋಗುತ್ತಾರೆ. ಆಗ ಅಜ್ಜಿ ಯಾರು, ಅತ್ತೆ ಯಾರು ಎಂದು ಗುರುತೇ ಸಿಗದು. ತಿರುಗಿಸಿ ಮಾಡಿ: ಗಾಜಿನ ಮನೆಯಿಂದ 150–200 ಅಡಿ ದೂರಕ್ಕೆ ಎಲ್ಲರೂ ಬನ್ನಿ. ಮನೆಯವರು ಕ್ಯಾಮೆರಾದಿಂದ 10 ಅಡಿಯಲ್ಲಿರಲಿ, ಸೊಂಟದಿಂದ ಮೇಲೆ ಚೌಕಟ್ಟಿಗೆ ಬರಲಿ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಬ್ಬಿಣ–ಗಾಜಿನ ಕಮಾನು ಹಿಂದೆ ಪೂರ್ತಿ ಕಾಣುತ್ತದೆ.

ಲೆನ್ಸ್ 28 ಮಿ.ಮೀ. ಆಸುಪಾಸು, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400. ಶಟರ್ ವೇಗ 1/200 ಸೆಕೆಂಡಿಗಿಂತ ನಿಧಾನವಾದರೆ ಐಎಸ್‌ಒ ಏರಿಸಿ. ಎರಡು ಸಾಲಿದ್ದರೆ ಮುಂದಿನ ಸಾಲಿನವರ ಕಣ್ಣಿಗೆ ಫೋಕಸ್ ಮಾಡಿ. ಹಿನ್ನೆಲೆಯ ಆಕಾಶ, ಗಾಜಿನ ಹೊಳಪು ನೋಡಿ ಕ್ಯಾಮೆರಾ ಬೆಳಕು ತಗ್ಗಿಸುತ್ತದೆ, ಮುಖ ಕಪ್ಪಾಗುವುದು ಅದರಿಂದಲೇ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕನ್ನು ನಾವೇ ಏರಿಸಿ ಇಳಿಸುವ ಸೆಟ್ಟಿಂಗ್) +1ಕ್ಕೆ ಒಯ್ಯಿರಿ. ಮೊಬೈಲಾದರೆ ಮುಖದ ಮೇಲೆ ಬೆರಳಿಟ್ಟು ಬೆಳಕು ಏರಿಸಿ. ಮೊಬೈಲಿನ 0.5 (ಅತಿ ಅಗಲದ) ಲೆನ್ಸ್ ಖಂಡಿತ ಬೇಡ, ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ. ಒಂದೇ ಸಲ ಒತ್ತಿ ಬಿಡಬೇಡಿ. ಐದಾರು ಬೇಕು, ಯಾರಾದರೊಬ್ಬರು ಕಣ್ಣು ಮಿಟುಕಿಸಿಯೇ ಇರುತ್ತಾರೆ.

4. ಮರದ ಕೆಳಗೆ ತೆಗೆಯುವಾಗ ಒಳಕ್ಕೆ ಹೋಗಬೇಡಿ. ಎಲೆಗಳ ಮೂಲಕ ಇಳಿದ ಬೆಳಕು, ಹುಲ್ಲಿನಿಂದ ಎದ್ದ ಬೆಳಕು ಎರಡೂ ಸೇರಿ ಮುಖಕ್ಕೆ ಹಸಿರು ಬಳಿಯುತ್ತವೆ. ಆಮೇಲೆ ತಿದ್ದುವುದು ಕಷ್ಟ. ನೆರಳಿನ ಅಂಚಿನಲ್ಲಿ, ಬಿಸಿಲಿನಿಂದ ಎರಡೇ ಹೆಜ್ಜೆ ಒಳಗೆ, ಬಯಲಿನ ಕಡೆ ಮುಖ ಮಾಡಿ ನಿಲ್ಲಿಸಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ‘ಶೇಡ್’ಗೆ ಇಡಿ. ಹಿರಿಯರನ್ನು ಬೆಂಚಿನ ಮೇಲೆ ಕೂರಿಸಿ. ಮಕ್ಕಳನ್ನು ತೆಗೆಯುವಾಗ ಮಂಡಿಯೂರಿ, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ. ದೊಡ್ಡ ಬೂರುಗದ ಬೇರಿನ ಮೇಲೆ ಅವರನ್ನು ಹತ್ತಿಸಬೇಡಿ. ತುಳಿತಕ್ಕೆ ತೊಗಟೆ ಸವೆಯುತ್ತದೆ, ಮರಕ್ಕೆ ಪೆಟ್ಟು.

5. ಹೂವು ಕೊನೆಗೆ. ಗಾಳಿಗೆ ಅಲುಗುವುದರಿಂದ ಶಟರ್ 1/500 ಬೇಕು. ಕೆಂಪು ಹೂವಿಗೆ ಕಾಂಪೆನ್ಸೇಷನ್ −0.7 ಮಾಡಿ, ಇಲ್ಲದಿದ್ದರೆ ಎಸಳಿನ ಗೆರೆಗಳು ಅಳಿಸಿ ಬರೀ ಕೆಂಪು ಕಲೆ ಉಳಿಯುತ್ತದೆ. ಮನೆಯವರ ಫೋಟೊಗೆ ಮರಳುವಾಗ ಅದನ್ನು ಸೊನ್ನೆಗೆ ತರಲು ಮರೆಯಬೇಡಿ.