ಶಿಫ್ಟ್ ಕೆಲಸಕ್ಕೆ ಸೇರಿದಿರಾ? ಓಟ ಬಿಡಬೇಡಿ, ಹೀಗೆ ಹೊಂದಿಸಿಕೊಳ್ಳಿ

ಹೊಸ ಕೆಲಸಕ್ಕೆ ಸೇರಿದ ಮೇಲೆ ಮೊದಲು ನಿಂತುಹೋಗುವುದು ಓಟ. ದಿನಾ ಬೆಳಿಗ್ಗೆ ತುಮಕೂರಿನ ಅಮಾನಿಕೆರೆ ಸುತ್ತುತ್ತಿದ್ದವರು, ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಬೆವರು ಹರಿಸುತ್ತಿದ್ದವರು ವಸಂತನರಸಾಪುರದ ಕಾರ್ಖಾನೆಗೆ ಸೇರಿದ ಕೆಲವೇ ತಿಂಗಳಲ್ಲಿ ಶೂ ಮೂಲೆಗಿಡುತ್ತಾರೆ. ದಿನಾ ಬೆಂಗಳೂರಿಗೆ ಹೋಗಿಬರುವವರ ಪಾಡೂ ಅದೇ. ಓಡುವ ಆಸೆ ಯಾರಿಗೂ ಹೋಗಿರುವುದಿಲ್ಲ. ಹಳೇ ಟೈಂಟೇಬಲ್ ಹೊಸ ಕೆಲಸಕ್ಕೆ ಹೊಂದುವುದಿಲ್ಲ, ಅಷ್ಟೇ. ಹತ್ತು ಕಿಲೋಮೀಟರ್ ಓಟವೋ, 21.1 ಕಿಲೋಮೀಟರಿನ ಹಾಫ್ ಮ್ಯಾರಥಾನೋ ನಿಮ್ಮ ಗುರಿಯಾಗಿದ್ದರೆ ಅದನ್ನು ಕೈಬಿಡಬೇಕಾಗಿಲ್ಲ.

ಮೊದಲ ತಿಂಗಳು ಅರ್ಧ ಮಾಡಿ

ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವಾರ ಹಳೇ ಲೆಕ್ಕ ಬೇಡ. ವಾರಕ್ಕೆ ನಲವತ್ತು ಕಿಲೋಮೀಟರ್ ಓಡುತ್ತಿದ್ದರೆ ಇಪ್ಪತ್ತಕ್ಕೆ ಇಳಿಸಿ. ಹೊಸ ಊಟದ ಹೊತ್ತು, ಹೊಸ ನಿದ್ದೆ, ಹೊಸ ಜನ, ಎಲ್ಲಕ್ಕೂ ಮೈ ಒಗ್ಗಬೇಕಲ್ವಾ? ಕಡಿಮೆ ಮಾಡಿದರೆ ಗಳಿಸಿದ್ದೆಲ್ಲ ಹೋಗುತ್ತದೆ ಅನ್ನುವ ಭಯ ಬೇಡ. ವಾರಕ್ಕೆ ಎರಡೇ ದಿನ ಓಡಿ, ಅದರಲ್ಲಿ ಸ್ವಲ್ಪ ಹೊತ್ತು ಜೋರಾಗಿ ಓಡಿದರೆ ಇರುವ ದಮ್ಮು ಹಲವು ವಾರ ಉಳಿಯುತ್ತದೆ. ಪೂರ್ತಿ ನಿಲ್ಲಿಸಿದರೆ ಮಾತ್ರ ಎರಡು ವಾರದೊಳಗೇ ಇಳಿಯಲು ಶುರುವಾಗುತ್ತದೆ. ಮೈಯಲ್ಲಿ ರಕ್ತದ ನೀರಿನಂಶ ಕಡಿಮೆಯಾಗುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಆಮೇಲೆ ಅದೇ ಮೂರು ಕಿಲೋಮೀಟರಿಗೆ ಏದುಸಿರು ಬರುತ್ತದೆ. ಆದ್ದರಿಂದ ಎಷ್ಟು ಬೇಕಾದರೂ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಎರಡು ಓಟ ಗಟ್ಟಿ ಮಾಡಿಕೊಳ್ಳಿ

ವಾರದಲ್ಲಿ ಏನೇ ಬಂದರೂ ತಪ್ಪಿಸದ ಓಟ ಎರಡು ಇರಲಿ. ಒಂದು ರಜೆ ದಿನದ ಉದ್ದ ಓಟ. ಇನ್ನೊಂದು ನಲವತ್ತೈದು ನಿಮಿಷದ ಜೋರು ಓಟ. ಮಿಕ್ಕಿದ್ದೆಲ್ಲ ಸಿಕ್ಕರೆ ಲಾಭ, ಸಿಗದಿದ್ದರೆ ಬೇಸರ ಬೇಡ. ಆರು ದಿನದ ಪಟ್ಟಿ ಬರೆದು ಮೂರು ದಿನ ತಪ್ಪಿಸುವವರು ಬೇಗ ಸೋತುಹೋಗುತ್ತಾರೆ. ಎರಡನ್ನೇ ಬರೆದು ಎರಡನ್ನೂ ಮಾಡುವವರು ವರ್ಷಗಟ್ಟಲೆ ಓಡುತ್ತಾರೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜೋರು ಓಟ ಹೀಗಿರಲಿ. ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ. ಇದನ್ನು ನಾಲ್ಕು ಸಲ ಮಾಡಿ. ಕೊನೆಗೆ ಐದಾರು ನಿಮಿಷ ನಡಿಗೆ. ಜೋರು ಎಂದರೆ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು. ಆದರೆ ನಾಲ್ಕನೇ ಸಲವೂ ಮೊದಲ ಸಲದಷ್ಟೇ ವೇಗ ಬರಬೇಕು. ಬರುತ್ತಿಲ್ಲ ಅಂದರೆ ಮೊದಲನೆಯದರಲ್ಲೇ ಜಾಸ್ತಿ ಓಡಿದ್ದೀರಿ ಎಂದರ್ಥ.

ಯಾವ ಶಿಫ್ಟಿಗೆ ಯಾವ ಹೊತ್ತು

ಕೆಲಸ ಮಾಡುವವರಿಗೆ ಸೋಮವಾರದಿಂದ ಭಾನುವಾರದ ಲೆಕ್ಕಕ್ಕಿಂತ ಶಿಫ್ಟಿನ ಲೆಕ್ಕವೇ ಸರಿ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಶಿಫ್ಟ್ ಗುರುತು ಹಾಕಿ, ಆಮೇಲೆ ಓಟ.

ಬೆಳಿಗ್ಗೆ ಆರರ ಶಿಫ್ಟಿಗೆ ಕಂಪನಿ ಬಸ್ ಐದಕ್ಕೆಲ್ಲ ಬಂದುಬಿಡುತ್ತದೆ. ಅದಕ್ಕೂ ಮುಂಚೆ ಓಡುತ್ತೇನೆ ಅಂತ ಮೂರೂವರೆಗೆ ಏಳುವುದು ಸಾಹಸ ಅಲ್ಲ, ನಿದ್ದೆಗೆ ಮಾಡುವ ಅನ್ಯಾಯ. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ, ಅರ್ಧ ಗಂಟೆ ಮಲಗಿ, ಬಿಸಿಲು ಇಳಿದ ಮೇಲೆ ಐದೂವರೆಗೆ ಹೊರಡಿ. ಅಷ್ಟು ಹೊತ್ತಿಗೆ ಮುದ್ದೆಯೂ ಕರಗಿರುತ್ತದೆ.

ಮಧ್ಯಾಹ್ನ ಎರಡರ ಶಿಫ್ಟ್ ಓಟಗಾರರಿಗೆ ಒಳ್ಳೆಯದು. ರಾತ್ರಿ ಹನ್ನೆರಡಕ್ಕೆ ಮಲಗಿ, ಏಳಕ್ಕೆ ಎದ್ದು, ಎಂಟರ ಒಳಗೆ ಓಟ ಶುರು ಮಾಡಬಹುದು. ಜೋರು ಓಟಕ್ಕೆ ಈ ವಾರ ಹೇಳಿ ಮಾಡಿಸಿದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಹೊತ್ತೇರಲು ಬಿಡಬೇಡಿ.

ನೈಟ್ ಶಿಫ್ಟಿನ ವಾರ ಬಹಳ ಎಚ್ಚರ ಬೇಕು. ಮೊದಲ ಎರಡು ದಿನ ಓಡಲೇಬೇಡಿ, ಬರೀ ನಡೆಯಿರಿ. ಬೆಳಿಗ್ಗೆ ಕಂಪನಿಯಿಂದ ಹೊರಡುವಾಗ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಿ. ಬಿಸಿಲು ಕಣ್ಣಿಗೆ ಬಿದ್ದರೆ ಮೈ ಬೆಳಗಾಯಿತು ಅಂದುಕೊಂಡು ನಿದ್ದೆ ದೂರ ಹೋಗುತ್ತದೆ. ಬೈಕ್ ಓಡಿಸುವವರು ಮಾತ್ರ ಕಪ್ಪು ಕನ್ನಡಕದ ಸಹವಾಸಕ್ಕೆ ಹೋಗಬೇಡಿ, ತೂಕಡಿಕೆ ಜಾಸ್ತಿಯಾದೀತು. ಮನೆಗೆ ಬಂದು, ಹಗುರಾಗಿ ತಿಂದು, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಮಲಗಿ. ಫೋನ್ ಸೈಲೆಂಟ್ ಮಾಡಿ, ಮನೆಯವರಿಗೂ ಹೇಳಿಡಿ. ಈ ವಾರ ಜೋರು ಓಟದ ಬದಲು ಸಂಜೆ ಅರ್ಧ ಗಂಟೆ ನಿಧಾನದ ಓಟ ಸಾಕು. ನೈಟ್ ಮುಗಿಸಿದ ಬೆಳಿಗ್ಗೆಯೇ ಉದ್ದ ಓಟಕ್ಕೆ ಹೊರಡಬೇಡಿ. ಒಂದು ರಾತ್ರಿ ಪೂರ್ತಿ ಮಲಗಿ, ಮರುದಿನ ಓಡಿ.

ಇನ್ನು ಬೆಂಗಳೂರಿಗೆ ಓಡಾಡುವವರಿಗೊಂದು ದಾರಿ. ವಾಪಸ್ ಬರುವಾಗ ತುಮಕೂರಿನವರೆಗೂ ಬರದೆ ಕ್ಯಾತ್ಸಂದ್ರದಲ್ಲೇ ಇಳಿದು ಮನೆಗೆ ಓಡಿ. ನಾಲ್ಕೈದು ಕಿಲೋಮೀಟರ್ ಆಗುತ್ತದೆ. ಬ್ಯಾಗಿಗೆ ಎದೆಯ ಹತ್ತಿರ ಕಟ್ಟುವ ಪಟ್ಟಿ ಇರಲಿ, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಬೆನ್ನಿಗೆ ಬಡಿಯುತ್ತದೆ. ಲ್ಯಾಪ್‌ಟಾಪ್ ಆಫೀಸಿನಲ್ಲೇ ಬಿಡಲು ಆಗುವ ದಿನವನ್ನೇ ಆರಿಸಿಕೊಳ್ಳಿ. ಬಿ.ಎಚ್. ರಸ್ತೆಯ ಅಂಚಿನಲ್ಲಿ ಓಡದೆ ಒಳರಸ್ತೆ ಹಿಡಿಯಿರಿ.

ನಿಧಾನ ಎಂದರೆ ನಿಜಕ್ಕೂ ನಿಧಾನ

ಸಮಯ ಕಡಿಮೆ ಇದೆ ಅಂತ ಪ್ರತಿ ಓಟವನ್ನೂ ಜೋರು ಮಾಡುವುದು ಹೊಸ ಉದ್ಯೋಗಿಗಳ ದೊಡ್ಡ ತಪ್ಪು. ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೊಡ್ಡ ದೊಡ್ಡ ಅಥ್ಲೀಟ್‌ಗಳ ತರಬೇತಿ ನೋಡಿದಾಗ, ಅವರ ಹತ್ತರಲ್ಲಿ ಸುಮಾರು ಎಂಟು ಭಾಗ ಆರಾಮದ ವೇಗದ್ದೇ ಆಗಿತ್ತು. ಆರಾಮ ಎಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟುತ್ತಾ ಓಡುವಷ್ಟು. ದಿನವಿಡೀ ದುಡಿದ ಮೈಗೆ ಈ ಓಟ ಭಾರವಾಗುವುದಿಲ್ಲ.

ಉದ್ದ ಓಟಕ್ಕೆ ದೇವರಾಯನದುರ್ಗದ ಕಡೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಊರಿಂದ ಸುಮಾರು 15 ಕಿಲೋಮೀಟರ್, ಒಳ್ಳೆ ಏರು, ಒಳ್ಳೆ ಗಾಳಿ. ಆದರೆ ಅದು ಚಿರತೆ, ಕರಡಿ ಇರುವ ಕಾಡು. ಬೆಳಕು ಚೆನ್ನಾಗಿ ಹರಿದ ಮೇಲೆ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡೇ ಹೋಗಿ.

ಕಾಲು, ಹೊಟ್ಟೆ

ಎಂಟು ಗಂಟೆ ಸೇಫ್ಟಿ ಶೂ ಹಾಕಿ ಕಾಂಕ್ರೀಟ್ ನೆಲದ ಮೇಲೆ ನಿಂತವರ ಮೀನಖಂಡ ಮುಟ್ಟಿ ನೋಡಿ, ಕಲ್ಲಾಗಿರುತ್ತದೆ. ಹಾಗೇ ಓಡಿದರೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಏಟು. ಮನೆಗೆ ಬಂದ ಕೂಡಲೇ ಶೂ ಬಿಚ್ಚಿ, ಚಾಪೆ ಮೇಲೆ ಮಲಗಿ, ಕಾಲನ್ನು ಗೋಡೆಗೆ ಎತ್ತಿಟ್ಟು ಹತ್ತು ನಿಮಿಷ ಸುಮ್ನೆ ಇರಿ. ಓಟವಿಲ್ಲದ ದಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸಿ. ಹದಿನೈದರಂತೆ ಮೂರು ಸಲ ಮಾಡಿದರೆ ಸಾಕು.

ಓಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಮೊಳಕೆಕಾಳು ಅಥವಾ ಮೊಟ್ಟೆ. ಉದ್ದ ಓಟದ ದಿನ ತಟ್ಟೆ ಇಡ್ಲಿಯನ್ನು ಧಾರಾಳವಾಗಿ ತಿನ್ನಿ. ಮಲಗುವುದಕ್ಕೆ ಆರು ಗಂಟೆ ಮುಂಚೆಯೇ ಕಾಫಿ, ಟೀ ನಿಲ್ಲಿಸಿ.

ಜ್ವರವಿದ್ದರೆ, ಐದು ಗಂಟೆಗಿಂತ ಕಡಿಮೆ ಮಲಗಿದ್ದರೆ ಅವತ್ತಿನ ಓಟ ಬಿಡಿ. ಎದೆನೋವು, ತಲೆಸುತ್ತು ಬಂದರೆ ಓಟ ನಿಲ್ಲಿಸಿ ಡಾಕ್ಟರನ್ನು ನೋಡಿ.

ಮುಂದಿನ ಮೆಟ್ಟಿಲು

ಮೂರೂ ಶಿಫ್ಟಿನ ಒಂದು ಸುತ್ತು ಮುಗಿಯುವವರೆಗೆ ಎರಡೂ ಓಟ ತಪ್ಪದೆ ನಡೆದರೆ, ಉದ್ದ ಓಟಕ್ಕೆ ಹತ್ತು ನಿಮಿಷ ಸೇರಿಸಿ. ಇನ್ನೊಂದು ಸುತ್ತೂ ಹಾಗೇ ನಡೆದರೆ ವಾರಕ್ಕೆ ಮೂರನೇ ಓಟ ಸೇರಿಸಿ, ಅದು ಆರಾಮದ್ದಾಗಿರಲಿ. ಓವರ್‌ಟೈಂ ಬಿದ್ದ ವಾರ ಏನನ್ನೂ ಸೇರಿಸಬೇಡಿ. ಹಾಫ್ ಮ್ಯಾರಥಾನಿಗೆ ಈ ಲೆಕ್ಕದಲ್ಲಿ ಆರು ತಿಂಗಳು ಇಟ್ಟುಕೊಳ್ಳಿ. ಓಟದ ಶುಲ್ಕ ಕಟ್ಟುವ ಮುಂಚೆ ಆ ಭಾನುವಾರದ ಹಿಂದಿನ ರಾತ್ರಿ ನಿಮಗೆ ಯಾವ ಶಿಫ್ಟ್ ಬೀಳುತ್ತದೆ ಅಂತ ಎಣಿಸಿ ನೋಡಿ. ನೈಟ್ ಬೀಳುವುದಾದರೆ ಈಗಲೇ ಸೂಪರ್‌ವೈಸರ್ ಹತ್ತಿರ ಮಾತಾಡಿ, ಜೊತೆಯವರೊಬ್ಬರ ಜೊತೆ ಶಿಫ್ಟ್ ಬದಲಾಯಿಸಿಕೊಳ್ಳಿ.