ಯುದ್ಧದ ವೈಫಲ್ಯ ಒಪ್ಪಿಕೊಳ್ಳುವ ನಾಯಕರ ಮಾತನ್ನು ಓದುವ ಕ್ರಮ

ಹೂಡಿದ ಯುದ್ಧ ಕೈತಪ್ಪಿ, ವಶಪಡಿಸಿಕೊಂಡ ನಾಡನ್ನು ಆಳಲಾರದೆ ಸೇನೆ ಹಿಂದಿರುಗುವ ಹೊತ್ತಿಗೆ, ಅದನ್ನು ಆರಂಭಿಸಿದ ನಾಯಕರು ಒಂದಲ್ಲ ಒಂದು ದಿನ ಜನರ ಮುಂದೆ ನಿಂತು ಏನಾದರೂ ಹೇಳಲೇಬೇಕಾಗುತ್ತದೆ. ಆ ಮಾತು ನಿಜವಾದ ತಪ್ಪೊಪ್ಪಿಗೆಯೇ, ಇಲ್ಲವೇ ತಪ್ಪೊಪ್ಪಿಗೆಯ ವೇಷ ತೊಟ್ಟ ನುಣುಚಾಟವೇ ಎಂಬುದನ್ನು ಪತ್ರಿಕೆಯ ತಲೆಬರಹದಿಂದ ನಿರ್ಧರಿಸಲಾಗದು. ಚಿತ್ರದುರ್ಗದ ರಂಗಯ್ಯನ ಬಾಗಿಲಿಗೆ ಹತ್ತಿರದ ಮನೆಯೊಂದರ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಎಂಟು ಮಂದಿ ಸೇರುತ್ತೇವೆ; ಅವರಲ್ಲಿ ಇಬ್ಬರು ದಾವಣಗೆರೆಯಿಂದ ಮೊದಲ ಬಸ್ಸಿಗೆ ಬರುವ ಎಂ.ಎ. ವಿದ್ಯಾರ್ಥಿಗಳು. ಹಲವು ತಿಂಗಳು ಇಂಥ ಭಾಷಣಗಳನ್ನೇ ಓದಿ ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಮುಖ್ಯವಾಗಿ ಇರಾಕ್ ಯುದ್ಧವನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಅದರ ಕಾಗದಪತ್ರಗಳು ಬೇಕಾದಷ್ಟು ಹೊರಬಂದಿವೆ.

ಭಾಷಣ ಓದುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಖಾನೆ ಗೆರೆ ಎಳೆದುಕೊಳ್ಳಿ: ದಿನಾಂಕ, ನಾಯಕರು ಹೇಳಿದ್ದು, ಆ ಹೊತ್ತಿಗೆ ನೆಲದ ಮೇಲೆ ನಡೆಯುತ್ತಿದ್ದದ್ದು, ಮತ್ತು ಮಾತು ಯಾರಿಗೆ ಎಂಬುದು. ನಾಲ್ಕನೆಯ ಖಾನೆಯನ್ನು ಸದ್ಯಕ್ಕೆ ಖಾಲಿ ಬಿಡಿ. 2003ರ ಮಾರ್ಚ್ 20ರಂದು ಇರಾಕಿನ ಮೇಲೆ ಅಮೆರಿಕ, ಬ್ರಿಟನ್ ಪಡೆಗಳ ದಾಳಿ ಆರಂಭವಾಯಿತು, ಏಪ್ರಿಲ್ 9ರಂದು ರಾಜಧಾನಿ ಬಾಗ್ದಾದ್ ಬಿತ್ತು, ಮೇ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ವಿಮಾನವಾಹಕ ಹಡಗಿನ ಮೇಲೆ ನಿಂತು ಪ್ರಮುಖ ಕಾಳಗ ಮುಗಿದಿದೆ ಎಂದರು. ಅವರ ಹಿಂದೆ 'ಕಾರ್ಯ ಈಡೇರಿತು' ಎಂಬರ್ಥದ ದೊಡ್ಡ ಬ್ಯಾನರ್ ತೂಗುತ್ತಿತ್ತು. ಆ ಎರಡು ಪದಗಳು ಅವರ ಭಾಷಣದಲ್ಲಿ ಇರಲಿಲ್ಲ, ಬ್ಯಾನರಿನಲ್ಲಷ್ಟೇ ಇದ್ದವು. ಇಂಥ ಸಣ್ಣ ವ್ಯತ್ಯಾಸವನ್ನೂ ಬರೆದಿಡಬೇಕು, ಏಕೆಂದರೆ ಮುಂದೆ ವರ್ಷಗಟ್ಟಲೆ ವಾದ ನಡೆದದ್ದು ಆ ಬಟ್ಟೆಯನ್ನು ಕಟ್ಟಿದವರು ಯಾರು ಎಂಬುದರ ಮೇಲೆ.

ಬಳಿಕ ಯುದ್ಧವನ್ನೂ ಆಕ್ರಮಿತ ಆಡಳಿತವನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಕೋಟೆ ಹಿಡಿಯುವುದು ಒಂದು ಕೆಲಸ, ಹಿಡಿದ ಊರಿನಲ್ಲಿ ಸಂತೆ ನಡೆಯುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ; 1779ರಲ್ಲಿ ಹೈದರಾಲಿಯ ವಶವಾದ ಕೋಟೆಯ ನೆರಳಿನಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇರಾಕಿನಲ್ಲಿ ಸೈನ್ಯ ಮೂರು ವಾರದಲ್ಲಿ ರಾಜಧಾನಿ ಹಿಡಿಯಿತು. ವೈಫಲ್ಯದ ಬೇರು ಇರುವುದು ಅನಂತರದ ಆಡಳಿತದಲ್ಲಿ. ಅಮೆರಿಕದ ಕಡೆಯಿಂದ ಅಲ್ಲಿನ ಆಡಳಿತಗಾರರಾಗಿ ಹೋದ ಪಾಲ್ ಬ್ರೆಮರ್ 2003ರ ಮೇ 16ರ ಮೊದಲ ಆದೇಶದಿಂದ ಪದಚ್ಯುತ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಸರ್ಕಾರಿ ಕೆಲಸದಿಂದ ಹೊರಗಿಟ್ಟರು, ಮೇ 23ರ ಎರಡನೆಯ ಆದೇಶದಿಂದ ಇರಾಕಿ ಸೇನೆಯನ್ನೇ ವಿಸರ್ಜಿಸಿದರು. ಬಂದೂಕು ಹಿಡಿಯಬಲ್ಲ ಲಕ್ಷಾಂತರ ಗಂಡಸರು ಸಂಬಳವೂ ಮರ್ಯಾದೆಯೂ ಇಲ್ಲದೆ ಬೀದಿಗೆ ಬಿದ್ದದ್ದು ಹೀಗೆ. ನಾಯಕರು ಕ್ಷಮೆ ಕೇಳುವಾಗ ಯಾವುದಕ್ಕೆ ಕೇಳುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳಿ: ಯುದ್ಧಕ್ಕೆ ಹೋದದ್ದಕ್ಕೋ, ಹೋದಮೇಲೆ ಆಳಿದ ರೀತಿಗೋ, ಇಲ್ಲವೇ ಬರಿಯ ಬೇಹುಗಾರಿಕೆಯ ವರದಿ (ಇಲ್ಲಿ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂಬುದು) ತಪ್ಪಾಗಿದ್ದಕ್ಕೋ? ಹೆಚ್ಚಿನವರು ಕೊನೆಯದಕ್ಕೆ ಧಾರಾಳವಾಗಿ ವಿಷಾದಿಸುತ್ತಾರೆ, ಎರಡನೆಯದಕ್ಕೆ ಅಷ್ಟಿಷ್ಟು, ಮೊದಲನೆಯದಕ್ಕೆ ಬಾಯಿ ಬಿಡುವುದಿಲ್ಲ.

ಈಗ ಕ್ರಿಯಾಪದಕ್ಕೆ ಬರೋಣ. ಇಡೀ ಕ್ರಮದಲ್ಲಿ ಹೆಚ್ಚು ಫಲ ಕೊಡುವ ಹಂತ ಇದೇ, ಕನ್ನಡಿಗರಿಗೆ ಸುಲಭವೂ ಹೌದು. 'ಹಾಲು ಚೆಲ್ಲಿಹೋಯಿತು' ಎನ್ನುವ ಮಗುವಿಗೂ 'ಹಾಲು ಚೆಲ್ಲಿಬಿಟ್ಟೆ' ಎನ್ನುವ ಮಗುವಿಗೂ ಇರುವ ವ್ಯತ್ಯಾಸ ಯಾವ ತಾಯಿಗೂ ತಿಳಿಯದ್ದಲ್ಲ. ಭಾಷಣದ ಪ್ರತಿಯಲ್ಲಿ 'ಆಯಿತು', 'ಆಗಿದೆ', 'ಸಂಭವಿಸಿತು' ಎಂಬ ಬಗೆಯ ಕ್ರಿಯೆಗಳಿಗೆಲ್ಲ ಒಂದು ಬಣ್ಣದ ಗೆರೆ ಎಳೆಯಿರಿ, 'ಮಾಡಿದೆ', 'ಕಳುಹಿಸಿದೆ', 'ಆದೇಶಿಸಿದೆ' ಎಂಬವುಗಳಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. 2007ರ ಜನವರಿ 10ರಂದು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಹೊಸದಾಗಿ ಇರಾಕಿಗೆ ಕಳುಹಿಸುವ ನಿರ್ಧಾರವನ್ನು ಪ್ರಕಟಿಸುತ್ತ ಬುಷ್ ಆಡಿದ ಮಾತನ್ನು ನಿಷ್ಠೆಯಿಂದ ಕನ್ನಡಿಸಿದರೆ, 'ಎಲ್ಲಿ ತಪ್ಪುಗಳಾಗಿವೆಯೋ ಅಲ್ಲಿ ಹೊಣೆ ನನ್ನದು' ಎಂದಾಗುತ್ತದೆ. ವಾಕ್ಯದ ಉತ್ತರಾರ್ಧ ಗಟ್ಟಿಯಾಗಿದೆ, ಆದರೆ ಪೂರ್ವಾರ್ಧದಲ್ಲಿ ತಪ್ಪುಗಳು ಮಳೆ ಬಂದಂತೆ ತಾವಾಗಿಯೇ ಬಂದಿವೆ. ಎಷ್ಟು, ಯಾವುವು, ಮಾಡಿದವರು ಯಾರು ಎಂಬುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಇದನ್ನು 'ನಾನು ತಪ್ಪು ಮಾಡಿದ್ದೇನೆ, ಹೊಣೆ ನನ್ನದು' ಎಂದು ಅನುವಾದಿಸಿಕೊಂಡು ಬಂದಿದ್ದರು, ಮತ್ತು ಅರ್ಧ ಗಂಟೆ ಆ ಅಧ್ಯಕ್ಷರ ಪ್ರಾಮಾಣಿಕತೆಯನ್ನು ಹೊಗಳಿದರು. ಹೊಗಳಿಕೆಗೆ ಪಾತ್ರವಾಗಿದ್ದದ್ದು ಅನುವಾದ. ಕನ್ನಡದಲ್ಲಿ ಕರ್ತೃವಿಲ್ಲದ ವಾಕ್ಯ ಬೋಳಾಗಿ ಕಾಣುವುದರಿಂದ ಕರುಣಾಳು ಅನುವಾದಕರು ಅಲ್ಲೊಬ್ಬ ಕರ್ತೃವನ್ನು ಕೂರಿಸುತ್ತಾರೆ. ಇಂಥ ಮಾತುಗಳ ವಿಷಯದಲ್ಲಿ ಹಾಗೆ ಮಾಡಬಾರದು.

ಅಧಿಕಾರ ಬಿಡುವ ಮುನ್ನ, 2009ರ ಜನವರಿಯ ಪತ್ರಿಕಾಗೋಷ್ಠಿಯಲ್ಲಿ, ಅದೇ ಬುಷ್ ಹಡಗಿನ ಮೇಲೆ ಆ ಬ್ಯಾನರ್ ಹಾಕಿದ್ದು ತಪ್ಪು ಎಂದು ನೇರವಾಗಿ ಒಪ್ಪಿಕೊಂಡರು. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಕೊಟ್ಟ ಚಿತ್ರಹಿಂಸೆ ಮಾತ್ರ ದೊಡ್ಡ ನಿರಾಸೆ ಎನಿಸಿಕೊಂಡಿತು. ಸಮೂಹನಾಶಕ ಅಸ್ತ್ರಗಳು ಸಿಗದಿದ್ದದ್ದೂ ನಿರಾಸೆಯ ಪಟ್ಟಿಗೇ ಸೇರಿತು, ಇವನ್ನು ತಪ್ಪುಗಳೆಂದು ಕರೆಯಬೇಕೋ ಬೇಡವೋ ತಿಳಿಯದು ಎಂಬ ಮಾತೂ ಜೊತೆಗೆ ಬಂತು. ಬಟ್ಟೆಯ ತುಂಡಿಗೆ 'ತಪ್ಪು', ಸೆರೆಮನೆಗೆ 'ನಿರಾಸೆ'. ಎರಡು ಬಣ್ಣದ ಗೆರೆಗಳನ್ನು ಎಳೆದವರಿಗೆ ಇದು ಹಾಳೆಯ ಮೇಲೆಯೇ ಕಾಣುತ್ತದೆ.

ಕ್ರಿಯಾಪದದ ಬೆನ್ನಿಗೆ ಸರ್ವನಾಮವನ್ನು ನೋಡಬೇಕು. 1962ರ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಗಡಿ ದಾಟಿದಾಗ ನೆಹರೂ, ನಾವು ಆಧುನಿಕ ಜಗತ್ತಿನ ವಾಸ್ತವದಿಂದ ದೂರವಾಗಿ, ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂಬರ್ಥದ ಮಾತನ್ನಾಡಿದರು. ಅಧಿಕಾರದಲ್ಲಿರುವಾಗಲೇ, ಯುದ್ಧ ನಡೆಯುತ್ತಿರುವಾಗಲೇ ಹೀಗೆ ಹೇಳಿದ ಪ್ರಧಾನಿಗಳು ಅಪರೂಪ ಎಂಬುದನ್ನು ಒಪ್ಪಲೇಬೇಕು. ಆದರೆ ಆ 'ನಾವು' ಯಾರು? ಕನ್ನಡದ 'ನಾವು' ಕೇಳುಗನನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಹೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಮೊಳಕಾಲ್ಮೂರು ಕಡೆಯ, ಮನೆಯಲ್ಲಿ ತೆಲುಗು ಮಾತನಾಡುವ ಹುಡುಗಿಯೊಬ್ಬಳಿದ್ದಾಳೆ, ಇಂಥ ವಾಕ್ಯ ಬಂದಾಗಲೆಲ್ಲ ಅವಳು, "ಇದು ಮನಮೋ, ಮೇಮೋ?" ಎಂದು ಕೇಳುತ್ತಾಳೆ. ಮನಮು ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು, ಮೇಮು ಎಂದರೆ ನಿಮ್ಮನ್ನು ಬಿಟ್ಟು ನಾವು. ಮಂತ್ರಿಮಂಡಲ ಕೈಗೊಂಡ ನಿರ್ಧಾರಕ್ಕೆ ಮನಮು ಬಳಸಿದರೆ, ಹೊಲ ಉಳುತ್ತಿದ್ದವನ ಹೆಗಲ ಮೇಲೂ ಅದರ ಭಾರ ಬೀಳುತ್ತದೆ. ಅವಳ ಪ್ರಶ್ನೆಯನ್ನು ಈಗ ನಾವೆಲ್ಲರೂ ಎರವಲು ಪಡೆದಿದ್ದೇವೆ.

ಮಾತಿನ ಜೊತೆ ಏನನ್ನು ಬಿಟ್ಟುಕೊಟ್ಟರು, ಎಷ್ಟು ದಿನದ ಮೇಲೆ ಬಿಟ್ಟುಕೊಟ್ಟರು ಎಂಬುದು ಮುಂದಿನ ಲೆಕ್ಕ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಬ್ರಿಟನ್ನಿನ ಅಧೀನದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ಮುನ್ಸೂಚನೆ ಅರಿಯಲಾಗದ ಹೊಣೆ ಹೊತ್ತು ಬ್ರಿಟನ್ನಿನ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಏಪ್ರಿಲ್ 5ರಂದೇ ರಾಜೀನಾಮೆ ಕೊಟ್ಟರು. 1995ರಲ್ಲಿ ಬೋಸ್ನಿಯಾದಲ್ಲಿ ನಡೆದ ಸ್ರೆಬ್ರೆನಿತ್ಸಾ ಹತ್ಯಾಕಾಂಡವನ್ನು ಡಚ್ ಶಾಂತಿಪಾಲಕರು ತಡೆಯಲಾಗದ ಬಗ್ಗೆ 2002ರ ಏಪ್ರಿಲ್‌ನಲ್ಲಿ ವರದಿ ಬಂದಾಗ ಡಚ್ ಪ್ರಧಾನಿ ವಿಮ್ ಕೊಕ್ ಅವರ ಇಡೀ ಸರ್ಕಾರವೇ ರಾಜೀನಾಮೆ ನೀಡಿತು, ಆದರೆ ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು, ಚುನಾವಣೆಯೂ ಮುಂದಿನ ತಿಂಗಳೇ ಇತ್ತು. ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ 2004ರ ಮೇ 7ರಂದು ಅಬು ಘ್ರೈಬ್ ವಿಷಯದಲ್ಲಿ ಪೂರ್ಣ ಹೊಣೆ ತಮ್ಮದೆಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಹೇಳಿದರು, ರಾಜೀನಾಮೆಯನ್ನೂ ಮುಂದಿಟ್ಟರು, ಅಧ್ಯಕ್ಷರು ಸ್ವೀಕರಿಸಲಿಲ್ಲ. ಅವರ ನಿರ್ಗಮನ ಘೋಷಣೆಯಾದದ್ದು 2006ರ ನವೆಂಬರ್‌ನಲ್ಲಿ, ಮಧ್ಯಂತರ ಚುನಾವಣೆಯಲ್ಲಿ ಪಕ್ಷ ಸೋತ ಮರುದಿನ; ಕುರ್ಚಿ ಬಿಟ್ಟದ್ದು ಡಿಸೆಂಬರ್‌ನಲ್ಲಿ. ಹಾಗಾಗಿ ಹೊಣೆ ಹೊತ್ತ ದಿನಾಂಕವನ್ನೂ ಕುರ್ಚಿ ಬಿಟ್ಟ ದಿನಾಂಕವನ್ನೂ ಅಕ್ಕಪಕ್ಕ ಬರೆಯಿರಿ, ನಡುವೆ ಬಂದ ಚುನಾವಣೆಯನ್ನೂ ಮರೆಯದೆ ಬರೆಯಿರಿ. ವಿಯೆಟ್ನಾಂ ಯುದ್ಧದ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರಾದ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರ 1968ರಲ್ಲಿ ಹುದ್ದೆ ತೊರೆದರು, ನಾವು ಘೋರವಾಗಿ ತಪ್ಪಿದ್ದೆವು ಎಂದು ತಮ್ಮ ನೆನಪುಗಳಲ್ಲಿ ಬರೆದದ್ದು 1995ರಲ್ಲಿ. ಇಪ್ಪತ್ತೇಳು ವರ್ಷ ತಡವಾಗಿ ಬಂದ ಆ ವಾಕ್ಯವನ್ನು ನಾನು ತಿರಸ್ಕರಿಸುವುದಿಲ್ಲ, ಕ್ರಿಯಾಪದವಾದರೂ ನೆಟ್ಟಗಿದೆ.

ಇಷ್ಟಾದ ಮೇಲೆ ಸರ್ಕಾರಿ ವರದಿಗಳ ಸರದಿ. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆ 2009ರಲ್ಲಿ ಆರಂಭವಾಗಿ, 2016ರ ಜುಲೈ 6ರಂದು ಹನ್ನೆರಡು ಸಂಪುಟ, ಸುಮಾರು 26 ಲಕ್ಷ ಪದಗಳ ವರದಿಯಾಗಿ ಹೊರಬಂತು. ಅಷ್ಟನ್ನೂ ಓದಲು ಹೊರಟರೆ ಸಂಸಾರ ಕೆಡುತ್ತದೆ. ಸಾರಾಂಶವನ್ನು ಓದಿ, ಬೇಕಾದ ಪತ್ರವನ್ನಷ್ಟೇ ಮೂಲದಲ್ಲಿ ತೆರೆಯಿರಿ. 2002ರ ಜುಲೈ 28ರಂದು ಬ್ರಿಟನ್ನಿನ ಆಗಿನ ಪ್ರಧಾನಿ ಟೋನಿ ಬ್ಲೇರ್ ಬುಷ್‌ಗೆ ಬರೆದ ಟಿಪ್ಪಣಿ, ಏನೇ ಆಗಲಿ ನಾನು ನಿಮ್ಮೊಂದಿಗಿರುತ್ತೇನೆ ಎಂಬ ಮಾತಿನಿಂದ ಆರಂಭವಾಗುತ್ತದೆ. ದಾಳಿಗೆ ಆಗ ಇನ್ನೂ ಎಂಟು ತಿಂಗಳಿತ್ತು. ದಾಳಿ ನಡೆದ ಹೊತ್ತಿನಲ್ಲಿ ಯುದ್ಧ ಕೊನೆಯ ದಾರಿಯಾಗಿರಲಿಲ್ಲ, ಸದ್ದಾಂ ನಂತರದ ಆಡಳಿತಕ್ಕೆ ಮಾಡಿದ ಸಿದ್ಧತೆ ಏನೇನೂ ಸಾಲದ್ದಾಗಿತ್ತು ಎಂದು ವರದಿ ಹೇಳಿತು. ವರದಿ ಹೊರಬಂದ ದಿನವೇ ಬ್ಲೇರ್, ಯಾರೂ ಊಹಿಸಲಾಗದಷ್ಟು ದುಃಖ, ವಿಷಾದ, ಕ್ಷಮಾಯಾಚನೆ ತಮ್ಮಲ್ಲಿದೆ ಎಂದರು. ಜೊತೆಗೇ, ನಿರ್ಧಾರ ಸರಿಯಾಗಿತ್ತೆಂದೂ ಹೇಳಿದರು. ದುಃಖಕ್ಕೂ ನಿರ್ಧಾರಕ್ಕೂ ನಡುವೆ ಅವರು ಎಬ್ಬಿಸಿದ ಗೋಡೆಯನ್ನು ಮೂಲ ಪಠ್ಯದಲ್ಲಿಯೇ ನೋಡಬೇಕು. ನಮ್ಮ ದೇಶದಲ್ಲಿ ಈ ಅಭ್ಯಾಸಕ್ಕೆ ಅವಕಾಶ ಕಡಿಮೆ: 1962ರ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ 1963ರಲ್ಲಿ ಕೊಟ್ಟ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಪ್ರಕಟಿಸಿಲ್ಲ.

ಕೊನೆಗೆ ನಾಲ್ಕನೆಯ ಖಾನೆ. ಇದನ್ನು ತುಂಬುವುದು ಹೇಗೆಂದು ನಮಗೆ ಹೊಳೆದದ್ದು ನಮ್ಮ ಜಿಲ್ಲೆಯಲ್ಲೇ ಇರುವ ಬ್ರಹ್ಮಗಿರಿಯಲ್ಲಿ. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ, ಊರವರು ಅಕ್ಷರಗುಂಡು ಎನ್ನುವ ಬಂಡೆಯ ಮೇಲೆ ಅಶೋಕನ ಕಿರುಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಮಾಡಿದರು. ಅದು ಮೌರ್ಯರ ಪ್ರಾಂತೀಯ ಕೇಂದ್ರವಾದ ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆದೇಶ, ಧರ್ಮದ ಮಾತು; ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬಂಥದು. ವಿದ್ಯಾರ್ಥಿಗಳು ಅಲ್ಲಿ ಕಳಿಂಗವನ್ನು ಹುಡುಕಿದರು, ಸಿಗಲಿಲ್ಲ. ಕಳಿಂಗದ ತಪ್ಪೊಪ್ಪಿಗೆ ಇರುವುದು ಹದಿಮೂರನೆಯ ಬಂಡೆಶಾಸನದಲ್ಲಿ: ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಹಲವು ಪಟ್ಟು ಜನ ಸತ್ತದ್ದು, ಅದಕ್ಕಾಗಿ ರಾಜ ಪಶ್ಚಾತ್ತಾಪಪಟ್ಟದ್ದು. ಗೆದ್ದ ರಾಜನೊಬ್ಬ ಇಷ್ಟು ಸ್ಪಷ್ಟವಾಗಿ ಸಂಖ್ಯೆ ಕೊಟ್ಟು ಬರೆಸಿದ್ದು ಬೇರೆಲ್ಲಿ ಸಿಗುತ್ತದೆ? ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿ ತನಗಿದೆ ಎಂಬ ಎಚ್ಚರಿಕೆಯೂ ಇದೆ, ಅದನ್ನೂ ಬಿಡದೆ ಓದಬೇಕು. ಈ ಶಾಸನ ಗಿರ್ನಾರಿನಲ್ಲಿದೆ, ಈಗಿನ ಪಾಕಿಸ್ತಾನದ ಶಾಹಬಾಜ್‌ಗಢಿಯಲ್ಲಿದೆ, ನಮಗೆ ಹತ್ತಿರದ ಆಂಧ್ರದ ಎರ್ರಗುಡಿಯಲ್ಲಿದೆ. ಆದರೆ ಕಳಿಂಗದ ನೆಲದಲ್ಲಿ, ಈಗಿನ ಒಡಿಶಾದಲ್ಲಿರುವ ಧೌಳಿ ಮತ್ತು ಜೌಗಡದಲ್ಲಿ ಇಲ್ಲ. ಅಲ್ಲಿ ಅದರ ಬದಲು ಪ್ರತ್ಯೇಕ ಶಾಸನಗಳಿವೆ, ಎಲ್ಲ ಮನುಷ್ಯರೂ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬೇಡಿ ಎಂದು ಅಧಿಕಾರಿಗಳಿಗೆ ತಾಕೀತು.

ಅಂದು ಬಂಡೆಯ ಪಕ್ಕ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಆ ತೆಲುಗಿನ ಹುಡುಗಿ ನೋಟ್‌ಬುಕ್ ತೆಗೆದು, ಕಳಿಂಗದ ಸಾಲಿನ ನಾಲ್ಕನೆಯ ಖಾನೆಯಲ್ಲಿ 'ಕಳಿಂಗದವರನ್ನು ಬಿಟ್ಟು ಉಳಿದವರಿಗೆ' ಎಂದು ಬರೆದಳು. ನಂತರ ಪುಟ ಹಿಂದಕ್ಕೆ ಮಗುಚಿ, 2007ರ ಜನವರಿ 10ರ ಎದುರು 'ಅಮೆರಿಕದವರಿಗೆ' ಎಂದೂ, 2016ರ ಜುಲೈ 6ರ ಎದುರು 'ಲಂಡನ್ನಿನ ಪತ್ರಕರ್ತರಿಗೆ' ಎಂದೂ ತುಂಬಿದಳು.