ಹನ್ನೊಂದು ಗಿರಾಕಿ, ಒಂದು ಟಿಟಿ, ಕೂನೂರಿನವರೆಗೆ ಉಗಿಬಂಡಿ

ಮೈಸೂರಿಂದ ಊಟಿಗೆ ಟೂರ್ ಮಾಡುವವರು ಗಲ್ಲಿಗಿಬ್ಬರು ಸಿಗುತ್ತಾರೆ. ಮುಕ್ಕಾಲು ಪಾಲು ಜನ ಜಾಹೀರಾತಿನಲ್ಲಿ ಹೊಗೆ ಉಗುಳುವ ಎಂಜಿನ್ ಚಿತ್ರ ಹಾಕಿ, ಗಿರಾಕಿಯನ್ನು ನೀಲಗಿರಿ ಬೆಟ್ಟದ ರೈಲಿನ ಕೂನೂರು–ಊಟಿ ಡೀಸೆಲ್ ಗಾಡಿ ಹತ್ತಿಸಿ, ‘ಟಾಯ್ ಟ್ರೇನ್ ಆಯ್ತು ಸಾರ್’ ಅಂತ ಇಳಿಸುತ್ತಾರೆ. ಉಗಿ ಎಂಜಿನ್, ಏರು ಹತ್ತಲು ಎಂಜಿನ್ನಿನ ಚಕ್ರ ಕಚ್ಚಿಕೊಳ್ಳುವ ಹಲ್ಲುಹಳಿ, ಕಾಡು, ಕಮರಿ ಎಲ್ಲ ಇರುವುದು ಕೆಳಗಡೆ, ಮೆಟ್ಟುಪಾಳ್ಯದಿಂದ ಕೂನೂರಿನ ನಡುವೆ. ಅಷ್ಟನ್ನೇ ಸಣ್ಣ ಗುಂಪಿಗೆ ಮಾರುತ್ತೇನೆ ಅಂತ ಹೊರಟಾಗ ನಮ್ಮ ಲೈನಿನವರು ನಕ್ಕರು. ‘ಹನ್ನೊಂದು ಜನಾನ ಕರ್ಕೊಂಡು ಹೋಗಿ ಏನ್ ಉಳಿಸ್ತೀಯಾ? ಡೀಸೆಲ್ ಕಾಸೂ ಹುಟ್ಟಲ್ಲ’ ಅಂದರು. ಈಗ ಹುಟ್ಟುತ್ತಿದೆ. ಹೇಗೆ ಅಂತ ಬರೆಯುತ್ತೇನೆ, ಒಂದೆರಡು ಗುಟ್ಟು ಬಿಟ್ಟು.

ಹನ್ನೊಂದೇ ಯಾಕೆಂದರೆ ಟಿಟಿಯಲ್ಲಿ, ಅಂದರೆ ಟೆಂಪೊ ಟ್ರಾವೆಲರ್ ವ್ಯಾನಿನಲ್ಲಿ, ಹನ್ನೆರಡು ಸೀಟು, ಹನ್ನೆರಡನೆಯವನು ನಾನು. ಅಡುಗೆಯವನು, ಸಹಾಯಕ ಅಂತ ಯಾರೂ ಇಲ್ಲ.

ತಲೆನೋವು ಇದ್ದದ್ದು ಟಿಕೆಟ್ಟಿನದು. ಮೊದಮೊದಲು ಎಲ್ಲರ ಹಾಗೆ ಅಡ್ವಾನ್ಸ್ ತಗೊಂಡು, ರೂಮು ಹಿಡಿದು, ಆಮೇಲೆ ಏಜೆಂಟರ ಹಿಂದೆ ಟಿಕೆಟ್ಟಿಗೆ ಓಡುತ್ತಿದ್ದೆ. ಅರ್ಧ ಜನಕ್ಕೆ ಕನ್ಫರ್ಮ್, ಅರ್ಧ ಜನಕ್ಕೆ ವೇಟಿಂಗ್ ಲಿಸ್ಟ್. ಗಂಡ ಬೋಗಿಯೊಳಗೆ, ಹೆಂಡತಿ ಮಕ್ಕಳು ನನ್ನ ಜೊತೆ ಟಿಟಿಯಲ್ಲಿ ಘಾಟಿ ಹತ್ತಿದ್ದೂ ಇದೆ. ಆ ಮನೆಯವರಿಗೆ ಅರ್ಧ ದುಡ್ಡು ವಾಪಸ್ ಕೊಟ್ಟೆ. ಹಾಗಂತ ನಮ್ಮ ಸ್ವಂತ ಐಡಿಯಲ್ಲಿ ಗಿರಾಕಿಗಳಿಗೆ ಟಿಕೆಟ್ ಮಾಡಿ ಲಾಭ ಇಟ್ಟುಕೊಂಡರೆ ರೈಲ್ವೆ ಕಾಯ್ದೆಯ 143ನೇ ಕಲಂ ಬೀಳುತ್ತದೆ, ಆ ಕಡೆ ತಲೆಯೇ ಹಾಕಬೇಡಿ.

ಆಮೇಲೆ ಲೆಕ್ಕವನ್ನೇ ತಿರುಗಿಸಿದೆ. ಟಿಕೆಟ್ ಮೊದಲು, ಅಡ್ವಾನ್ಸ್ ಆಮೇಲೆ. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ. ವಾರ ಮೊದಲೇ ಆಸಕ್ತಿ ಇರುವ ನಾಲ್ಕೈದು ಮನೆಯವರಿಗೆ ದಿನಾಂಕ ಕೊಟ್ಟು, ಆಧಾರ್ ಜೋಡಿಸಿದ ತಮ್ಮ ಐಡಿಯಲ್ಲೇ ಅವರವರ ಟಿಕೆಟ್ ಮಾಡಿಕೊಳ್ಳಲು ಹೇಳುತ್ತೇನೆ. ಕನ್ಫರ್ಮ್ ಆದವರಿಂದ ಮಾತ್ರ ಅಡ್ವಾನ್ಸ್. ‘ದುಡ್ಡು ಕೊಡೋ ಗಿರಾಕಿ ತಾನೇ ಕೂತು ಟಿಕೆಟ್ ಮಾಡ್ತಾನಾ?’ ಅಂತ ನಕ್ಕವರೇ ಜಾಸ್ತಿ. ಮಾಡುತ್ತಾರೆ. ಎಂಟು ಗಂಟೆಗೆ ಮೊಬೈಲ್ ಹಿಡಿದು ಕೂತು ಸೀಟು ಗಿಟ್ಟಿಸಿದವನು ಟೂರ್ ಕ್ಯಾನ್ಸಲ್ ಮಾಡುವುದೂ ಕಡಿಮೆ.

ನಾವು ಇಳಿಯುವುದು ಕೂನೂರಿನಲ್ಲಿ, ಆದರೂ ಟಿಕೆಟ್ ಮಾತ್ರ ಊಟಿಯವರೆಗೆ ಮಾಡಿಸುತ್ತೇನೆ. ನಡುವಿನ ಸ್ಟೇಷನ್ನಿಗೆ ಕೋಟಾ ಸಣ್ಣದು, ಕೊನೆಯವರೆಗಿನದು ದೊಡ್ಡದು. ಸೆಕೆಂಡ್ ಸೀಟಿಂಗ್ 300 ರೂಪಾಯಿ ಆಸುಪಾಸು, ಫಸ್ಟ್ ಕ್ಲಾಸ್ 600ರ ಹತ್ತಿರ. ವ್ಯತ್ಯಾಸ ನೋಡಿ ಜಿಪುಣತನ ಮಾಡಬಾರದು. ಯಾವ ಕಡೆ ಕಿಟಕಿ, ಎಷ್ಟನೇ ನಂಬರ್ ಸೀಟು ಅಂತ ಕೇಳಬೇಡಿ, ಅದು ನನ್ನ ಅನ್ನ. ಎಂಜಿನ್ ಹಿಂದಿನಿಂದ ತಳ್ಳುತ್ತದೆ ಅನ್ನುವುದನ್ನು ನೆನಪಿಟ್ಟು ನೀವೇ ಯೋಚಿಸಿ.

ಮೊದಲ ದಿನ ಚಾಮರಾಜನಗರ, ದಿಂಬಂ, ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ವಾಂತಿ ಮಾತ್ರೆ ಇಟ್ಟುಕೊಳ್ಳಿ. ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಹಗಲಲ್ಲೇ ದಾಟಬೇಕು. ಮೆಟ್ಟುಪಾಳ್ಯದಲ್ಲಿ ಉಳಿದುಕೊಳ್ಳುವುದು ಬರೀ ಮಲಗಲು. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ, ಬಿಸಿನೀರು, ಅಷ್ಟು ಸಾಕು. ಒಂದು ಲಾಡ್ಜಿನವನು ಆರು ರೂಮಿಗೆ ದುಡ್ಡು ಇಸ್ಕೊಂಡು ರಾತ್ರಿ ಎಂಟಕ್ಕೆ ಮೂರೇ ಕೀಲಿ ಕೊಟ್ಟ. ಅಂದಿನಿಂದ ಮಧ್ಯಾಹ್ನವೇ ಫೋನ್ ಮಾಡಿ ರೂಮ್ ನಂಬರ್ ಬರೆಸಿಕೊಳ್ಳುತ್ತೇನೆ.

ಬೆಳಿಗ್ಗೆ 7:10ಕ್ಕೆ ಗಾಡಿ. ಲಗೇಜೆಲ್ಲ ಟಿಟಿಯಲ್ಲೇ, ಕೈಯಲ್ಲಿ ನೀರು, ಸ್ವೆಟರ್ ಅಷ್ಟೇ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ನಿಷೇಧ, ಸ್ಟೀಲ್ ಬಾಟಲಿ ಬೇಕು. ಕಲ್ಲಾರ್ ದಾಟಿದ ಮೇಲೆ ಹಲ್ಲುಹಳಿ ಶುರು. ಅಲ್ಲಿ ಮಾತು ನಿಲ್ಲಿಸಿ ಕೇಳಿಸಿಕೊಳ್ಳಿ ಅಂತ ಗಿರಾಕಿಗಳಿಗೆ ಮೊದಲೇ ಹೇಳಿರುತ್ತೇನೆ. ಗಾಡಿ ಆಮೆಗಿಂತ ನಿಧಾನವಾಗಿ ಹೋಗಿ ಹಲ್ಲಿಗೆ ಹಲ್ಲು ಕೂರಿಸಿಕೊಳ್ಳುತ್ತದೆ. ಹಲ್ಲುಚಕ್ರ ತಿರುಗಿಸುವ ಇನ್ನೆರಡು ಸಿಲಿಂಡರ್ ಕೆಲಸಕ್ಕೆ ಸೇರುತ್ತಿದ್ದಂತೆ ಎಂಜಿನ್ನಿನ ಏದುಸಿರಿನ ತಾಳವೇ ಬದಲಾಗುತ್ತದೆ. ಪ್ರತಿ ಬೋಗಿಯ ತುದಿಯ ಬಾಲ್ಕನಿಯಲ್ಲೂ ಒಬ್ಬ ಬ್ರೇಕಿನವನು, ಕೈಯಲ್ಲಿ ಬಾವುಟ. ಒಬ್ಬ ತೋರಿಸಿದ್ದನ್ನು ಮುಂದಿನವನು ನೋಡಿ ತಾನೂ ತೋರಿಸಬೇಕು, ಡ್ರೈವರ್ ಇರುವುದು ಕೊನೆಯಲ್ಲಿ ತಾನೇ. ಏರು ಕಡಿದಾದ ಕಡೆ 12 ಅಡಿಗೆ ಒಂದು ಅಡಿ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿವರೆಗೆ ಬಂತು, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ ಅನ್ನುವುದನ್ನೆಲ್ಲ ದಾರಿಯ ಹಿಲ್‌ಗ್ರೋವ್ ಸ್ಟೇಷನ್ನಿನಲ್ಲಿ ಎಂಜಿನ್ ನೀರು ಕುಡಿಯುವಾಗ ಹೇಳಿ ಮುಗಿಸುತ್ತೇನೆ. ಅಲ್ಲಿ ಕೋತಿಗಳಿವೆ, ವಡೆ ಕೈಯಲ್ಲಿ ಹಿಡಿದು ಇಳಿಯಬೇಡಿ. ‘ಕಲ್ಲಿದ್ದಲು ಎಲ್ಲಿ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಈಗ ಎಣ್ಣೆ ಉರಿಸುವ ಎಂಜಿನ್ನೂ ಇವೆ, ಉಗಿ ಮಾತ್ರ ಉಗಿಯೇ.

ಹತ್ತೂವರೆ ಹೊತ್ತಿಗೆ ಕೂನೂರು. ಟಿಟಿ ಡ್ರೈವರ್ ಎಂಟರವರೆಗೆ ನಿದ್ದೆ ಮಾಡಿ ಎದ್ದು ಬಂದರೂ ನಮಗಿಂತ ಮುಂಚೆ ನಿಂತಿರುತ್ತಾನೆ. ಅಲ್ಲಿ ಡೀಸೆಲ್ ಎಂಜಿನ್ ಕಟ್ಟುವ ಹೊತ್ತಿಗೆ ನಮ್ಮವರು ಸಿಮ್ಸ್ ಪಾರ್ಕಿಗೆ ಹೊರಟಿರುತ್ತಾರೆ. ಸಂಜೆ ಲ್ಯಾಂಬ್ಸ್ ರಾಕ್, ರಾತ್ರಿ ಕೂನೂರಲ್ಲೇ. ಯಾರ ಮನೆಯಲ್ಲಿ ಅಂತ ಇದೂ ಹೇಳಲ್ಲ. ಮೂರನೇ ದಿನ ಕೇತ್ತಿ ಕಣಿವೆ, ಊಟಿ, ಮುದುಮಲೆ. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ನಾನು ಮೂರೂವರೆಗೇ ಊಟಿ ಬಿಡಿಸುತ್ತೇನೆ.

ಇನ್ನು ದುಡ್ಡು, ನೆನಪಿದ್ದಷ್ಟು. ಟಿಟಿ ಮೂರು ದಿನಕ್ಕೆ ಕಿಲೋಮೀಟರ್, ಡ್ರೈವರ್ ಬಾಟಾ, ತಮಿಳುನಾಡು ಪರ್ಮಿಟ್ ಎಲ್ಲ ಸೇರಿ 20,000 ಆಸುಪಾಸು. ಮೆಟ್ಟುಪಾಳ್ಯದ ರೂಮು ಹತ್ತು ಸಾವಿರ, ಕೂನೂರಿನದು ಹದಿನೆಂಟು. ಊಟ ತಿಂಡಿ ಇನ್ನೊಂದು ಹದಿನೆಂಟು. ಪಾರ್ಕಿಂಗ್, ಪ್ರವೇಶ, ಟಿಪ್ಸ್ ಅಂತ ನಾಲ್ಕೈದು. ಒಟ್ಟು ಎಪ್ಪತ್ತರಿಂದ ಎಪ್ಪತ್ತೆರಡು. ತಲೆಗೆ 8,500ರಂತೆ ಬರುವುದು ತೊಂಬತ್ತಮೂರೂವರೆ, ರೈಲು ಟಿಕೆಟ್ ಗಿರಾಕಿಯದೇ. ಇಪ್ಪತ್ತು ಸಾವಿರದ ಮೇಲೆ ಉಳಿಯುತ್ತದೆ. ದೊಡ್ಡ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಹೋದರೆ ಎಷ್ಟು ಉಳಿಯುತ್ತದೆ ಅಂತ ನೀವೇ ಹೇಳಿ.

ದೊಡ್ಡ ಪೆಟ್ಟು ಬಿದ್ದದ್ದು ಒಂದು ನವೆಂಬರ್‌ನಲ್ಲಿ. ಹಿಂದಿನ ರಾತ್ರಿ ಗುಡ್ಡ ಕುಸಿದು ಹಳಿ ಮೇಲೆ ಮಣ್ಣು, ಗಾಡಿ ರದ್ದು. ರೈಲ್ವೆ ಟಿಕೆಟ್ ದುಡ್ಡು ಪೂರ್ತಿ ಹಿಂದಕ್ಕೆ ಬಂತು, ರೂಮಿನದು, ಟಿಟಿಯದು ಬರಲಿಲ್ಲ. ರೈಲಿಗಾಗಿಯೇ ಬಂದ ಜನ, ಅವರ ಸಿಟ್ಟಿನಲ್ಲೂ ನ್ಯಾಯ ಇತ್ತು. ತಲೆಗೆ ಎರಡು ಸಾವಿರದಂತೆ ಹಿಂದಿರುಗಿಸಿ ಸಮಾಧಾನ ಮಾಡಿದೆ, ಆ ಬ್ಯಾಚಿನ ಲಾಭ ಅಲ್ಲಿಗೇ ಹೋಯಿತು. ಹಿಂಗಾರು ಮಳೆ ಹೊಡೆಯುವುದು ಇದೇ ಮೆಟ್ಟುಪಾಳ್ಯದ ಕಡೆಯ ಇಳಿಜಾರಿಗೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಗ ಬ್ಯಾಚೇ ಹಾಕುವುದಿಲ್ಲ. ಬೇಸಿಗೆಯಲ್ಲೂ ವಾರದ ನಡುವೆ ಮಾತ್ರ. ಊಟಿಗೆ 2024ರ ಮೇ ತಿಂಗಳಿಂದ ವಾಹನಕ್ಕೆ ಇ-ಪಾಸ್ ಬೇಕು, ರಜಾದಿನಗಳ ನೂಕುನುಗ್ಗಲು ನಮಗೆ ಬೇಡ.

ಬೇರೆ ಆಟಗಳನ್ನೂ ಆಡಿ ನೋಡಿದ್ದೇನೆ. ಮಧ್ಯಾಹ್ನ ಊಟಿ ಬಿಟ್ಟು ಕೆಳಗಿಳಿಯುವ ಗಾಡಿಯಲ್ಲಿ ಟಿಕೆಟ್ ಸುಲಭ ಅಂತ ಒಂದು ಗುಂಪನ್ನು ಇಳಿಸಿದೆ. ಇಳಿಯುವಾಗ ಎಂಜಿನ್ ದುಡಿಯುವುದಿಲ್ಲ, ತಡೆಯುತ್ತದೆ ಅಷ್ಟೇ. ಆ ಸದ್ದೇ ಇಲ್ಲ, ಅರ್ಧ ಜನ ತೂಕಡಿಸಿದರು. ಕ್ಯಾಮೆರಾ ಹಿಡಿದವರ ಗುಂಪಿಗೆ ರೈಲು ಹತ್ತಿಸದೆ ಟಿಟಿಯಲ್ಲಿ ಕಲ್ಲಾರ್ ಹತ್ತಿರ ಮೊದಲೇ ಇಳಿಸಿ ನಿಲ್ಲಿಸಿದ್ದು ಮಾತ್ರ ಚೆನ್ನಾಗಿ ಹಿಡಿಯಿತು. ಅವರಿಗೆ ಬೇಕಾದ್ದು ಎಂಜಿನ್ನಿನ ಚಿತ್ರ, ಸೀಟಲ್ಲ. ಟಿಕೆಟ್ ತಾಪತ್ರಯವೂ ಇಲ್ಲ. ಅದನ್ನೇ ಬೇರೆ ಟೂರ್ ಮಾಡುವ ಯೋಚನೆ ಇದೆ.

ನಕ್ಕವರಲ್ಲೇ ಒಬ್ಬರು ಈಗ ಎರಡು ಟಿಟಿ ಹಾಕೋಣ, ಪಾಲುದಾರಿಕೆ ಅಂತ ಬೆನ್ನು ಬಿದ್ದಿದ್ದಾರೆ. ಒಂದೇ ದಿನಕ್ಕೆ ಇಪ್ಪತ್ತೆರಡು ಜನಕ್ಕೆ ಸೀಟು ಸಿಗುವುದಿಲ್ಲ, ಸಿಕ್ಕರೂ ಹಿಲ್‌ಗ್ರೋವ್‌ನಲ್ಲಿ ಅಷ್ಟು ಜನರನ್ನು ಎಣಿಸಿ ಹತ್ತಿಸುವ ಪಾಡು ನನಗೆ ಬೇಡ ಅಂತ ಹೇಳಿ ಕಳಿಸಿದ್ದೇನೆ.